ಬಲಗಣ್ಣಿಗೆ ಕಂಡ ಗೆರೆ

ತಮ್ಮನಿಗೆ ಎದೆನೋವು ಬಂದ ದಿನ ಅವನನ್ನು ಗದರಿಸಿ ಕೆಲಸಕ್ಕೆ ಅಟ್ಟಿದವಳು ನಾನೇ. ಅದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಕಣ್ಣು, ನನ್ನ ಕೆಲಸ, ನನ್ನ ಸೊಕ್ಕು ಇವುಗಳ ಕಥೆ ಆಮೇಲೆ.

ಬೆಳಿಗ್ಗೆ ಎಂಟೂವರೆಗೆ ಫೋನ್ ಮಾಡಿದ. ಅವನು ಸಿಟಿ ಬಸ್ಸಿನ ಡ್ರೈವರ್. ಹತ್ತಕ್ಕೆ ಡ್ಯೂಟಿ. ಎದ್ದಾಗಿನಿಂದ ಎದೆ ಹಿಡಿದುಕೊಂಡಂತಿದೆ, ಎಡಗೈ ಜೋಮು ಹಿಡಿದಿದೆ ಎಂದು ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿದ್ದನಂತೆ. ಅಲ್ಲಿ ಡಾಕ್ಟರು ಬರುವುದು ಸಂಜೆ. ಬೆಳಿಗ್ಗೆ ಇರುವುದು ನರ್ಸೊಬ್ಬಳೇ. ಅವಳು ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಪರೀಕ್ಷೆಯ ಪಟ್ಟಿಯ ಮೇಲೆ ಹಾಕಿ, ಕಾಲು ಗಂಟೆ ಕೂರಿಸಿ, ಒಂದೇ ಗೆರೆ ಬಂದಿದೆ, ಹೃದಯಕ್ಕೇನೂ ಪೆಟ್ಟಾಗಿಲ್ಲ ಎಂದು ಹೇಳಿ ಕಳಿಸಿದ್ದಳು.

"ಆದ್ರೂ ಒಂಥರಾ ಇದೆ ಅಕ್ಕ. ಇವತ್ತೊಂದಿನ ರಜ ಹಾಕ್ಲಾ?" ಅಂದ.

"ಪಟ್ಟಿ ಯಾರದು? ನಮ್ದೇ ತಾನೆ?"

"ನಿಮ್ದೇ. ಡಬ್ಬದ ಮೇಲೆ ನೋಡ್ದೆ."

"ಮತ್ತೇನೋ ನಿಂದು ರಾಗ? ನಮ್ಮ ಪಟ್ಟಿ ಇಲ್ಲ ಅಂದ್ಮೇಲೆ ಇಲ್ಲ. ಗ್ಯಾಸು ಕಣೋ ಅದು. ರಾತ್ರಿ ಕಂಠಮಟ್ಟ ತಿಂದು ಬೆಳಿಗ್ಗೆ ಹೃದಯದ ಮೇಲೆ ತಪ್ಪು ಹೊರಿಸ್ಬೇಡ. ಎದ್ದು ಕೆಲಸಕ್ಕೆ ಹೋಗು."

ಅವನು ನಕ್ಕ. ನಲವತ್ತೆಂಟು ವರ್ಷದ ಗಂಡಸು, ತಲೆ ಅರ್ಧ ನೆರೆತಿದೆ. ಆದರೂ ನಾನು ಜೋರು ಮಾಡಿದರೆ ಇವತ್ತಿಗೂ ಸುಮ್ಮನಾಗುತ್ತಾನೆ. "ಸರಿ ಬಿಡು, ನೀನು ಹೇಳಿದ್ಮೇಲೆ ಮುಗೀತು" ಎಂದು ಫೋನಿಟ್ಟ. ನಾನು ಚಹಾ ಕುಡಿದು, ಬ್ಯಾಗು ಹೆಗಲಿಗೇರಿಸಿ, ಹದಿನೈದು ದಿನಗಳ ರಜದ ನಂತರ ಕೆಲಸಕ್ಕೆ ಹೊರಟೆ.

ರಜ ಹಾಕಿದ್ದು ಕಣ್ಣಿನ ಪೊರೆ ತೆಗೆಸಲು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಬಲಗಣ್ಣು, ತಿಂಗಳು ಕಳೆದು ಎಡಗಣ್ಣು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಬಲಗಣ್ಣಿನ ಬ್ಯಾಂಡೇಜು ಬಿಚ್ಚಿದ ದಿನ ನನಗೆ ನಗು ತಡೆಯಲಾಗಲಿಲ್ಲ. ಕೆನೆಬಣ್ಣ ಬಳಿಸಿದ್ದೇನೆ ಎಂದು ನಾನು ನಂಬಿದ್ದ ಅಡುಗೆಮನೆ ಅಚ್ಚ ಬಿಳಿಯಾಗಿತ್ತು. ಎರಡು ವರ್ಷ ಕಪ್ಪೆಂದು ಹಾಕಿಕೊಂಡು ತಿರುಗಿದ ಸ್ವೆಟರು ಕಡುನೀಲಿ. ಎಡಗಣ್ಣು ಮುಚ್ಚಿದರೆ ಜಗತ್ತು ಹೊಸದಾಗಿ ಒಗೆದಂತೆ, ಬಲಗಣ್ಣು ಮುಚ್ಚಿದರೆ ಅದೇ ಜಗತ್ತು ಹಳೇ ಚಹಾದಲ್ಲಿ ಅದ್ದಿದಂತೆ. ಮನೆಗೆ ಬಂದವರಿಗೆಲ್ಲ ಕಣ್ಣು ಮುಚ್ಚಿ ತೆರೆದು ತೋರಿಸಿ ನಗಿಸಿದ್ದೆ. ಇದು ನಗುವ ವಿಷಯವಲ್ಲ ಎಂದು ಆ ಹದಿನೈದು ದಿನಗಳಲ್ಲಿ ಒಂದು ಸಲವೂ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಯಾಕೆಂದರೆ ನಾನು ಹೊಟ್ಟೆ ಹೊರೆಯುವುದೇ ಬಣ್ಣ ನೋಡಿ.

ನಮ್ಮದು ಚಿಕ್ಕ ಕಾರ್ಖಾನೆ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಅದರಿಂದ ಒಂದು ವಸ್ತು ರಕ್ತಕ್ಕೆ ಸೋರುತ್ತದೆ. ಅದನ್ನು ಹಿಡಿದು ತೋರಿಸುವ ಕಾಗದದ ಪಟ್ಟಿ ಮಾಡುತ್ತೇವೆ. ತೋರಿಸುವುದು ಚಿನ್ನ. ಚಿನ್ನವೆಂದರೆ ಒಡವೆಯ ಚಿನ್ನವಲ್ಲ. ಕಣ್ಣಿಗೆ ಕಾಣದಷ್ಟು, ಸೂಕ್ಷ್ಮದರ್ಶಕಕ್ಕೂ ಸುಲಭವಾಗಿ ಸಿಗದಷ್ಟು ಸಣ್ಣ ಕಣ. ಮೊಟ್ಟೆಯ ಬಿಳಿಯಿಂದ ಶುದ್ಧಮಾಡಿ ತೆಗೆದ ಪ್ರೋಟೀನನ್ನು ನೀರಿನಲ್ಲಿ ಕರಗಿಸಿ, ಅದಕ್ಕೆ ಚಿನ್ನದ ಉಪ್ಪಿನ ತಿಳಿಹಳದಿ ನೀರು ಸೇರಿಸಿ, ಹದವಾಗಿ ಬೆಚ್ಚಗಿಡುತ್ತೇನೆ. ಹಳದಿ ಮಾಯವಾಗುತ್ತದೆ. ಸ್ವಲ್ಪ ಹೊತ್ತು ಬರೀ ನೀರಿನಂತೆ ಕಾಣುತ್ತದೆ. ಆಮೇಲೆ ಎಲ್ಲಿಂದಲೋ ಬಂದಂತೆ ದಾಳಿಂಬೆ ರಸದ ಕೆಂಪು ಏರುತ್ತದೆ. ಪ್ರೋಟೀನು ಅಲ್ಲಿ ಎರಡು ಕೆಲಸ ಮಾಡಿರುತ್ತದೆ: ಉಪ್ಪನ್ನು ಚಿನ್ನದ ಕಣವಾಗಿಸುತ್ತದೆ, ಒಂದು ಕಣ ಇನ್ನೊಂದಕ್ಕೆ ಅಂಟದಂತೆ ಪ್ರತಿಯೊಂದಕ್ಕೂ ಹೊದಿಕೆ ಹೊದಿಸುತ್ತದೆ. ಹೊದಿಕೆ ಸರಿಯಿಲ್ಲದಿದ್ದರೆ ಕಣಗಳು ಗುಂಪುಗೂಡುತ್ತವೆ. ಆಗ ಕೆಂಪು ಹೋಗಿ ನೇರಳೆ ಬರುತ್ತದೆ. ನೇರಳೆ ಬಂದರೆ ಅಷ್ಟನ್ನೂ ಚೆಲ್ಲಬೇಕು. ಅಂಥ ಕಣ ಪಟ್ಟಿಯ ಮೇಲೆ ಸರಿಯಾಗಿ ಹರಿಯುವುದಿಲ್ಲ, ಗೆರೆ ಸರಿಯಾಗಿ ಮೂಡುವುದಿಲ್ಲ.

ಕೆಂಪೋ ನೇರಳೆಯೋ ಎಂದು ತೀರ್ಪು ಕೊಡುವುದು ನಾನು. ಬಣ್ಣ ಅಳೆಯುವ ಮೀಟರು ಇದೆ, ಅದನ್ನು ನೋಡಿಕೊಳ್ಳುವ ಮೀಟರಣ್ಣನೂ ಇದ್ದಾನೆ. ಆದರೆ ಇಪ್ಪತ್ತು ವರ್ಷ ನನ್ನ ಕಣ್ಣು ಹೇಳಿದ್ದನ್ನೇ ಮೀಟರೂ ಹೇಳುತ್ತಾ ಬಂದಿತ್ತು. ಹೋದ ವರ್ಷ ಮೀಟರು ಕೆಟ್ಟು ನಾಲ್ಕು ತಿಂಗಳು ರಿಪೇರಿಗೆ ಹೋದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ಕಣ್ಣಕ್ಕ ಇದಾರಲ್ಲ" ಅಂದರು. ಕಣ್ಣಕ್ಕ ಅಂದರೆ ನಾನು. ಮೀಟರು ವಾಪಸು ಬಂದ ಮೇಲೂ ಅದನ್ನು ಚಿನ್ನದ ಕೋಣೆಗೆ ತರಲು ನಾನು ಬಿಡಲಿಲ್ಲ. ಹೋಲಿಸಿ ನೋಡಲೆಂದು ಇಟ್ಟಿದ್ದ ಮಾದರಿ ಬಾಟಲಿಯನ್ನು ಪೆಟ್ಟಿಗೆಯಿಂದ ತೆಗೆಯುವುದನ್ನೂ ಬಿಟ್ಟಿದ್ದೆ. ಕಟ್ಟಕಡೆಯ ಪರೀಕ್ಷೆಯ ಮೇಜಿನವಳು ಒಂದು ಸಲ "ಅಕ್ಕ, ಗೆರೆ ಸ್ವಲ್ಪ ನೀಲಿ ಹೊಡೀತಿದೆ" ಅಂದಿದ್ದಳು. "ನಿನ್ನ ಮೇಜಿನ ಲೈಟು ಬದಲಾಯಿಸ್ಕೋ" ಎಂದಿದ್ದೆ. ಅವಳು ಬದಲಾಯಿಸಿಯೂ ಇದ್ದಳು, ಪಾಪ.

ಅವತ್ತು ಬಂದವಳೇ ಏಪ್ರನ್ ಹಾಕಿಕೊಂಡು ಚಿನ್ನದ ಕೋಣೆಗೆ ಹೋದೆ. ನಮ್ಮಲ್ಲಿ ಮಾಡಿದ ಪ್ರತಿ ಕಂತಿನಿಂದಲೂ ಒಂದು ಸಣ್ಣ ಬಾಟಲಿ ತೆಗೆದು, ತಾರೀಕು ಬರೆದು, ತಣ್ಣನೆಯ ಗಾಜಿನ ಕಪಾಟಿನಲ್ಲಿ ಎರಡು ವರ್ಷ ಇಡುತ್ತೇವೆ. ಬಾಗಿಲು ತೆರೆದು ದೀಪ ಹಾಕಿದೆ. ಹೊಸ ಕಣ್ಣಿನಲ್ಲಿ ನನ್ನ ಕೈಕೆಲಸ ನೋಡುವ ಆಸೆಯಿತ್ತು.

ಮೇಲಿನ ಎರಡು ಸಾಲು ಕೆಂಪು. ನಾನು ಹೆಮ್ಮೆ ಪಡುವ ಕೆಂಪು. ಮೂರನೆಯ ಸಾಲಿನ ಅರ್ಧದಲ್ಲಿ ಬಣ್ಣ ತಿರುಗಿತ್ತು. ಅಲ್ಲಿಂದ ಕೊನೆಯವರೆಗೂ, ಒಂದಾದ ಮೇಲೊಂದು, ನೇರಳೆ.

ಕಪಾಟಿನ ದೀಪ ಹಾಳಾಗಿರಬೇಕು ಎಂದುಕೊಂಡೆ. ಒಂದು ಬಾಟಲಿ ಎತ್ತಿ ಕಿಟಕಿಗೆ ಹಿಡಿದೆ. ನೇರಳೆ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದೆ. ಕೆಂಪು. ಸ್ವಲ್ಪ ಕಂದು ಬೆರೆತ, ನನಗೆ ಚೆನ್ನಾಗಿ ಗೊತ್ತಿರುವ, ದಿನಾ ಸಹಿ ಹಾಕಿ ಮುಂದಕ್ಕೆ ಕಳಿಸುವ ಕೆಂಪು. ಮತ್ತೆ ಎಡಗಣ್ಣು ಮುಚ್ಚಿದೆ. ನೇರಳೆ. ಹಾಗೇ ಕಣ್ಣು ಮುಚ್ಚುತ್ತಾ ತೆರೆಯುತ್ತಾ ನಿಂತುಬಿಟ್ಟೆ. ಮನೆಯಲ್ಲಿ ಜನರನ್ನು ನಗಿಸಿದ್ದು ಇದೇ ಆಟದಿಂದ. ಬಾಟಲಿ ಬಿದ್ದೀತೆಂದು ಮೇಜಿನ ಮೇಲಿಟ್ಟೆ.

ಮೀಟರಣ್ಣನನ್ನು ಕೂಗಿದೆ. ಅವನು ನನಗಿಂತ ಎರಡು ವರ್ಷ ಚಿಕ್ಕವನು, ಮಿತಭಾಷಿ, ನನ್ನ ಬಾಯಿಗೆ ಹೆದರಿ ಇನ್ನೂ ಮಿತವಾದವನು. "ಇದನ್ನ ಅಳೀರಿ" ಎಂದು ಏಳು ಬಾಟಲಿ ಕೊಟ್ಟೆ. ಅವನು ಅವನ್ನು ಮೀಟರಿನ ಕೋಣೆಗೆ ಒಯ್ದ. ನಾನೂ ಹಿಂದೆಯೇ ಹೋದೆ.

ಒಂದೊಂದಾಗಿ ಹಾಕಿದ. ಕೆಂಪಾಗಿದ್ದರೆ ಐನೂರ ಇಪ್ಪತ್ತೈದರ ಆಸುಪಾಸಿನಲ್ಲಿ ಇರಬೇಕಾದ ಸಂಖ್ಯೆ ಐನೂರ ಅರವತ್ತು, ಐನೂರ ಅರವತ್ತೆಂಟು, ಐನೂರ ಎಪ್ಪತ್ತು.

"ಇಟ್ಟಲ್ಲೇ ಕೆಟ್ಟಿರಬಹುದಾ?" ಎಂದೆ. ಹೌದು ಅನ್ನಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

"ಹಳೇವು ಕೆಟ್ಟಿಲ್ವಲ್ಲ ಅಕ್ಕ. ಹೋದ ವರ್ಷದ್ದು ಚೆನ್ನಾಗೇ ಇದೆ. ಕೆಟ್ಟಿರೋದು ಈಚಿನ ಏಳು ತಿಂಗಳದ್ದು." ಬಾಟಲಿಯ ತಾರೀಕು ನೋಡಿ ಹೇಳಿದ: "ಪ್ರೋಟೀನ್ ಪುಡಿ ಬೇರೆ ಕಡೆಯಿಂದ ತರ್ಸೋಕೆ ಶುರು ಮಾಡಿದ್ದು ಆಗ್ಲೇ."

"ಪಟ್ಟಿಗಳು ಕೊನೇ ಪರೀಕ್ಷೆ ಪಾಸಾದ್ವಲ್ಲ ಮತ್ತೆ?"

"ಅಲ್ಲಿ ಹಾಕೋದು ಆ ವಸ್ತು ತುಂಬಾ ಇರೋ ಗಟ್ಟಿ ಮಾದರಿ. ಅದಕ್ಕೆ ಎಂಥ ಕಣ ಆದ್ರೂ ಗೆರೆ ಬೀಳತ್ತೆ. ಸಣ್ಣ ಪ್ರಮಾಣದಲ್ಲಿದ್ರೆ ಬೀಳಲ್ಲ. ಬಿದ್ರೂ ಕೆಂಪಗೆ ಬೀಳಲ್ಲ. ನೋವು ಶುರುವಾದ ಮೊದಮೊದಲಲ್ಲಿ ರಕ್ತದಲ್ಲಿ ಇರೋದೇ ಸಣ್ಣ ಪ್ರಮಾಣ."

ನೋವು ಶುರುವಾದ ಮೊದಮೊದಲಲ್ಲಿ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಬೆಳಗಿನ ಫೋನು ನೆನಪಾಯಿತು. ಗೋಡೆಯ ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಅವನು ಆಗಲೇ ಸ್ಟೇರಿಂಗ್ ಹಿಡಿದು ಇಪ್ಪತ್ತು ನಿಮಿಷ.

ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ. ಬಸ್ ಓಡಿಸುವಾಗ ಅವನು ಫೋನನ್ನು ಸೀಟಿನ ಕೆಳಗಿನ ತಗಡಿನ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚುತ್ತಾನೆ. ಆ ನಿಯತ್ತು ಕಲಿಸಿದವಳೂ ನಾನೇ. ಡಿಪೋಗೆ ಮಾಡಿದೆ. ಎತ್ತಿದವನು ಸಮಾಧಾನದ ಮನುಷ್ಯ.

"ಏನಾಯ್ತಮ್ಮ ಅವನಿಗೆ?"

"ಇನ್ನೂ ಏನೂ ಆಗಿಲ್ಲ. ಬಸ್ ನಿಲ್ಸಿ."

"ಏನೂ ಆಗ್ದೇ ಬಸ್ ನಿಲ್ಸು ಅಂತ ನಾನು ಯಾರಿಗಮ್ಮ ಹೇಳ್ಲಿ? ಕಂಡಕ್ಟರೂ ಡ್ಯೂಟೀಲಿ ಫೋನ್ ಎತ್ತಲ್ಲ, ಬಸ್ಸಲ್ಲಿ ವೈರ್‌ಲೆಸ್ ಕೂಡ ಇಲ್ಲ. ಒಂದು ಸುತ್ತು ಮುಗಿಸಿ ಹನ್ನೊಂದೂ ಇಪ್ಪತ್ತಕ್ಕೆ ಅವನ ಮನೆ ಕಡೆ ಸ್ಟಾಪಿಗೆ ಬರ್ತಾನೆ. ಬೇಕಾದ್ರೆ ಅಲ್ಲಿ ಹಿಡೀರಿ."

ಏಪ್ರನ್ನು ಬಿಚ್ಚದೆ ಓಡಿದೆ. ಬಾಡಿಗೆ ಕಾರು ಹಿಡಿದೆ. ದಾರಿಯುದ್ದಕ್ಕೂ ಕೆಟ್ಟ ಕೆಟ್ಟ ಚಿತ್ರಗಳೇ ಕಣ್ಣೆದುರು. ಇಳಿಜಾರಿನಲ್ಲಿ ಬಸ್ಸು, ಸ್ಟೇರಿಂಗಿನ ಮೇಲೆ ಕವುಚಿ ಬಿದ್ದ ತಮ್ಮ, ಹಿಂದೆ ಐವತ್ತು ಜನ. ಪ್ರತಿ ಸಿಗ್ನಲ್ಲಿನಲ್ಲೂ ಆಂಬುಲೆನ್ಸಿನ ಸದ್ದು ಕೇಳಿದಂತೆ ಆಗುತ್ತಿತ್ತು. ಗಾಜು ಇಳಿಸಿ ಆಲಿಸಿದರೆ ಏನೂ ಇಲ್ಲ. ಡ್ರೈವರು "ಹುಷಾರಿಲ್ವಾ ಮೇಡಂ?" ಅಂದ. "ನಂಗಲ್ಲ" ಅಂದೆ. ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು. ಬೆಳಿಗ್ಗೆ ಅದೇ ನಾಲಿಗೆ ಎಷ್ಟು ಸಲೀಸಾಗಿ ಹೊರಳಿತ್ತು.

ಸ್ಟಾಪಿನಲ್ಲಿ ಇಳಿದಾಗ ಹನ್ನೊಂದೂ ಐದು. ಬಸ್ಸಿಗೆ ಇನ್ನೂ ಕಾಲು ಗಂಟೆ. ಎದುರಿಗೇ ಆ ಕ್ಲಿನಿಕ್ಕು. ಒಂದು ಆಸೆ ಹುಟ್ಟಿತು: ನರ್ಸಿನ ಬಳಿ ಹಳೇ ಡಬ್ಬವೇ ಇರಬಹುದು, ಕೆಂಪು ಕಂತಿನದ್ದೇ ಇರಬಹುದು, ನಾನು ಸುಮ್ಮನೆ ಹೌಹಾರುತ್ತಿರಬಹುದು. ರಸ್ತೆ ದಾಟಿದೆ.

ಒಳಗೆ ನರ್ಸು ಹತ್ತಿ ಸುತ್ತುತ್ತಾ ಕೂತಿದ್ದಳು. ನನ್ನ ಏಪ್ರನ್ನಿನ ಮೇಲಿನ ಗುರುತು ನೋಡಿ ಎದ್ದು ನಿಂತಳು. ಬೆಳಗಿನ ಬಸ್ ಡ್ರೈವರನ ಪಟ್ಟಿ ಇದೆಯೇ ಎಂದು ಕೇಳಿದೆ. ಇತ್ತು. ಅವರು ಯಾವ ಪಟ್ಟಿಯನ್ನೂ ಎಸೆಯುವುದಿಲ್ಲ. ಒಂದು ಪುಸ್ತಕದಲ್ಲಿ ರೋಗಿಯ ಹೆಸರು, ವಯಸ್ಸು, ಫೋನ್ ನಂಬರು ಬರೆದು ಪಕ್ಕದಲ್ಲೇ ಪಾರದರ್ಶಕ ಟೇಪಿನಲ್ಲಿ ಅಂಟಿಸುತ್ತಾರೆ. ಇವರಷ್ಟೇ ಅಲ್ಲ, ಎಲ್ಲ ಕ್ಲಿನಿಕ್ಕಿನವರೂ ಹಾಗೇ ಮಾಡಬೇಕು ಎಂದು ನಮ್ಮ ಸೂಚನೆಯ ಹಾಳೆಯಲ್ಲೇ ಇದೆ. ಅವಳು ಪುಸ್ತಕ ತೆರೆದು ನನ್ನ ಮುಂದಿಟ್ಟಳು.

ಬಲಗಣ್ಣು ಮುಚ್ಚಿದೆ. ಹಳದಿ ಕಾಗದ, ಅದರ ಮೇಲೆ ಒಂದೇ ಗೆರೆ. ಎಡಗಣ್ಣು ಮುಚ್ಚಿದೆ. ಬಿಳಿ ಕಾಗದ. ಪಟ್ಟಿ ಕೆಲಸ ಮಾಡಿದೆ ಎಂದು ತೋರಿಸಲು ಯಾವಾಗಲೂ ಬೀಳುವ ಮೇಲಿನ ಗೆರೆ ನೇರಳೆ. ಅದರ ಕೆಳಗೆ, ಹೃದಯದ ಗೆರೆ ಬೀಳಬೇಕಾದ ಜಾಗದಲ್ಲಿ, ಪೆನ್ಸಿಲಿನಲ್ಲಿ ಎಳೆದು ಅಳಿಸಿದಂಥ ತೆಳು ಬೂದುನೀಲಿ. ಅದು ಅಲ್ಲಿತ್ತು. ಬೆಳಿಗ್ಗೆಯಿಂದ ಅಲ್ಲೇ ಇತ್ತು. ಪಟ್ಟಿ ಸುಳ್ಳು ಹೇಳಿರಲಿಲ್ಲ. ತನ್ನ ಕೈಲಾದಷ್ಟು ಮೆಲ್ಲಗೆ ನಿಜವನ್ನೇ ಹೇಳಿತ್ತು.

ಹೆಸರಿನ ಮುಂದೆ ನರ್ಸು ಸಣ್ಣಕ್ಷರದಲ್ಲಿ "ನೆರಳು" ಎಂದು ಬರೆದಿದ್ದಳು.

"ಇದು ನಿಮಗೆ ಕಾಣ್ಸಿತ್ತಾ?" ಎಂದೆ.

"ಕಾಣ್ಸಿತ್ತು ಮೇಡಂ. ಆದ್ರೆ ನೀವೇ ಬರ್ದಿದೀರಲ್ಲ." ಅವಳು ಗೋಡೆಗೆ ಅಂಟಿಸಿದ್ದ ನಮ್ಮ ಕಾರ್ಖಾನೆಯ ಚೀಟಿ ತೋರಿಸಿದಳು. ಕೆಂಪು ಗೆರೆ ಮಾತ್ರ ಲೆಕ್ಕಕ್ಕೆ. ಬೂದು ನೆರಳು ಕಂಡರೆ ಬಿಟ್ಟುಬಿಡಿ. "ಐದು ತಿಂಗಳ ಹಿಂದೆ ನಾನೇ ಫೋನ್ ಮಾಡಿ ಕೇಳಿದ್ದೆ. ಒಬ್ರು ಹೆಂಗಸು ಎತ್ತಿದ್ರು. ನೆರಳಿಗೆಲ್ಲ ಹೆದರ್ಕೊಂಡ್ರೆ ನರ್ಸ್ ಕೆಲಸ ಹೇಗ್ರಿ ಮಾಡ್ತೀರ ಅಂದ್ರು. ಆಮೇಲೆ ಈ ಚೀಟಿ ಬಂತು."

ಫೋನೆತ್ತಿದ ಹೆಂಗಸು ನಾನೇ. ಚೀಟಿಯ ಒಕ್ಕಣೆಯೂ ನನ್ನದೇ. ಅವತ್ತು ಮೇಡಂ, ಅಂದರೆ ನಮ್ಮ ಕಾರ್ಖಾನೆಯ ಒಡತಿ, ಏನು ಉತ್ತರ ಕೊಡೋಣ ಎಂದು ಕೇಳಿದ್ದರು. ನಾನು ಒಂದು ಪಟ್ಟಿ ತರಿಸಿ, ನನ್ನ ಎರಡು ಮಂಕು ಕಣ್ಣಿನಿಂದ ನೋಡಿ, ಅಲ್ಲೇನೂ ಇಲ್ಲ, ಇವರಿಗೆ ಭ್ರಮೆ ಎಂದಿದ್ದೆ.

"ಆಂಬುಲೆನ್ಸ್ ಕರೀರಿ. ಬಸ್ ಬರೋ ಹೊತ್ತಿಗೆ ಇಲ್ಲಿರ್ಬೇಕು" ಎಂದೆ. ಅವಳು ಏಕೆ ಏನು ಎಂದು ಕೇಳದೆ ಫೋನೆತ್ತಿಕೊಂಡಳು.

ಹನ್ನೊಂದೂ ಇಪ್ಪತ್ತಕ್ಕೆ ಬಸ್ಸು ಬರಲಿಲ್ಲ. ಹನ್ನೊಂದೂ ಇಪ್ಪತ್ತೈದು. ಬರಲಿಲ್ಲ. ಸ್ಟಾಪಿನಲ್ಲಿ ನಿಂತವರು ಗೊಣಗುತ್ತಿದ್ದರು. ನಾನು ರಸ್ತೆಯ ತುದಿಗೆ ಕಣ್ಣು ನೆಟ್ಟು ನಿಂತಿದ್ದೆ. ದೂರದಲ್ಲಿ ಯಾವ ದೊಡ್ಡ ಗಾಡಿ ತಿರುಗಿದರೂ ಜೀವ ಬಾಯಿಗೆ ಬರುತ್ತಿತ್ತು. ಅದು ಲಾರಿಯಾದರೆ ಮತ್ತೆ ಕೆಳಗಿಳಿಯುತ್ತಿತ್ತು. ಚಿಕ್ಕವನಿದ್ದಾಗ ಅವನು ಶಾಲೆಯಿಂದ ತಡವಾಗಿ ಬಂದರೆ ಬಾಗಿಲಲ್ಲಿ ಹೀಗೇ ನಿಂತಿರುತ್ತಿದ್ದೆ, ಬಂದ ಕೂಡಲೇ ಬೆನ್ನಿಗೊಂದು ಕೊಡುತ್ತಿದ್ದೆ. ಈಗ ಬಂದರೆ ಸಾಕಿತ್ತು. ಎಷ್ಟು ತಡವಾದರೂ ಸರಿ, ಅವನೇ ಓಡಿಸಿಕೊಂಡು ಬಂದರೆ ಸಾಕಿತ್ತು.

ಹನ್ನೊಂದೂವರೆಗೆ ತಿರುವಿನಲ್ಲಿ ಬಸ್ಸು ಕಾಣಿಸಿತು. ನಿಧಾನವಾಗಿ, ತೀರಾ ನಿಧಾನವಾಗಿ ಬಂದು ನಿಂತಿತು. ಮುಂದಿನ ಬಾಗಿಲಿನಿಂದ ಹತ್ತಿದೆ. ತಮ್ಮನ ಮುಖ ನೋಡಿದೆ. ಹಣೆಯಿಂದ ಬೆವರು ಇಳಿಯುತ್ತಿತ್ತು, ತುಟಿ ಬಿಳಿಚಿತ್ತು, ಎಡಗೈ ತೊಡೆಯ ಮೇಲೆ ಬಿದ್ದಿತ್ತು. ಒಂದೇ ಕೈಯಲ್ಲಿ ಓಡಿಸಿಕೊಂಡು ಬಂದಿದ್ದ.

"ಏನಕ್ಕ, ಇಲ್ಲಿ?" ನಗಲು ನೋಡಿದ. "ಟಿಕೆಟ್ ತಗೋ. ಅಕ್ಕ ಅಂತ ಕಂಡಕ್ಟರ್ ಬಿಡಲ್ಲ."

"ಇಂಜಿನ್ ಆಫ್ ಮಾಡು. ಕೆಳಗಿಳಿ."

"ಈ ಸುತ್ತು ಮುಗಿಸ್ತೀನಿ ಇರು. ಜನ ಇದಾರೆ. ಗ್ಯಾಸು ಸ್ವಲ್ಪ ಜಾಸ್ತಿ ಆಗಿದೆ, ಅಷ್ಟೇ."

"ಗ್ಯಾಸಲ್ಲ ಕಣೋ. ನಿನ್ನ ಪಟ್ಟೀಲಿ ಎರಡನೇ ಗೆರೆ ಇದೆ. ನಾನು ಈಗ ನೋಡ್ಕೊಂಡು ಬಂದೆ. ನಂದೇ ತಪ್ಪು. ನಾನು ತಪ್ಪು ಮಾಡಿದೀನಿ."

ಅವನು ನನ್ನ ಕಡೆ ತಿರುಗಿ ಒಂದು ಗಳಿಗೆ ನೋಡಿದ. ಆ ಮುಖದಲ್ಲಿ ಅಂಥ ಭಯವನ್ನು ನಾನು ಎಂದೂ ಕಂಡಿರಲಿಲ್ಲ. ಕೀ ತಿರುಗಿಸಿದ. ಇಂಜಿನ್ನು ನಿಂತಿತು. ಅಷ್ಟು ಹೊತ್ತು ತಡೆದುಕೊಂಡಿದ್ದನೋ ಏನೋ, ಎದ್ದು ನಿಲ್ಲಲು ಹೋದವನು ನನ್ನ ಹೆಗಲ ಮೇಲೆ ಕುಸಿದ. ಕಂಡಕ್ಟರೂ ಇಬ್ಬರು ಪ್ರಯಾಣಿಕರೂ ಸೇರಿ ಇಳಿಸಿದರು. ನರ್ಸು ಹೇಳಿ ಕರೆಸಿದ್ದ ಆಂಬುಲೆನ್ಸು ಆಗಲೇ ಬಂದು ನಿಂತಿತ್ತು. ಅವನ ಬೂಟಿನ ಲೇಸು ಬಿಚ್ಚಿಹೋಗಿ ನೇತಾಡುತ್ತಿತ್ತು. ಆಸ್ಪತ್ರೆ ತಲುಪುವವರೆಗೂ ನಾನು ಆ ಲೇಸನ್ನು ಹಿಡಿದುಕೊಂಡೇ ಕೂತಿದ್ದೆ. ಬೇರೇನು ಹಿಡಿಯಬೇಕೋ ತಿಳಿಯಲಿಲ್ಲ.

ಆಸ್ಪತ್ರೆಯವರು ಅವನನ್ನು ತಳ್ಳುಗಾಡಿಯಲ್ಲಿ ಒಳಗೆ ಕೊಂಡೊಯ್ದ ಮೇಲೆ ಎರಡು ಗಂಟೆ ಹೊರಗೆ ಬೆಂಚಿನಲ್ಲಿ ಕೂತೆ. ಬಾಗಿಲು ತೆರೆದಾಗೆಲ್ಲ ಎದ್ದು ನಿಲ್ಲುತ್ತಿದ್ದೆ. ತಮ್ಮನ ಹೆಂಡತಿ ತಾನು ಪಾಠ ಹೇಳುವ ಶಾಲೆಯಿಂದ ಹಾಗೇ ಓಡಿ ಬಂದಳು. ಬೆರಳುಗಳಲ್ಲಿ ಇನ್ನೂ ಚಾಕಿನ ಪುಡಿ ಇತ್ತು. ನನ್ನ ಕೈ ಹಿಡಿದು "ನೀವೇ ಬಸ್ ನಿಲ್ಸಿದ್ರಂತೆ ಅತ್ತಿಗೆ. ನೀವಿಲ್ದಿದ್ರೆ ಏನಾಗ್ತಿತ್ತೋ" ಎಂದು ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಬೆಳಿಗ್ಗೆ ಅವನನ್ನ ಕೆಲಸಕ್ಕೆ ಕಳಿಸಿದ್ದು ನಾನೇ ಕಣೆ" ಎಂದೆ. ಪಟ್ಟಿ, ಚೀಟಿ, ಕಣ್ಣು ಎಲ್ಲವನ್ನೂ ಹೇಳಿದೆ. ಅವಳು ನಿಧಾನವಾಗಿ ಕೈ ಬಿಟ್ಟಳು. ಎದ್ದು ಹೋಗಲಿಲ್ಲ. ಅದೇ ಬೆಂಚಿನ ಆ ತುದಿಯಲ್ಲಿ ಕೂತಳು.

ಎರಡೂವರೆಗೆ ಡಾಕ್ಟರು ಬಂದರು. ರಕ್ತನಾಳ ಒಂದು ಮುಚ್ಚಿಕೊಂಡಿತ್ತು, ತೆರೆದಿದ್ದೇವೆ, ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಸ್ನಾಯು ಸ್ವಲ್ಪ ಹಾಳಾಗಿದೆ ಎಂದರು. "ಬೆಳಿಗ್ಗೆಯೇ ಬಂದಿದ್ದರೆ ಅಷ್ಟೂ ಉಳೀತಿತ್ತು. ಇನ್ನೆರಡು ಗಂಟೆ ಬಿಟ್ಟಿದ್ದರೆ ಇವರೇ ಉಳೀತಿರಲಿಲ್ಲ."

ಒಬ್ಬೊಬ್ಬರನ್ನೇ ಎರಡು ನಿಮಿಷ ಒಳಗೆ ಬಿಟ್ಟರು. ಹೆಂಡತಿ ಹೋಗಿ ಬಂದ ಮೇಲೆ ನಾನು ಹೋದೆ. ಅವನ ಎದೆಗೆ ತಂತಿಗಳು ಅಂಟಿದ್ದವು. ಕಣ್ಣು ತೆರೆದು ನನ್ನನ್ನು ನೋಡಿದ.

"ನೋವಿಗೆ ಇಂಜಿನ್ ಆಫ್ ಮಾಡ್ಲಿಲ್ಲ ಅಕ್ಕ ನಾನು" ಅಂದ, ಮೆಲ್ಲಗೆ. "ನೋವು ತಡ್ಕೋತಿದ್ದೆ. ಜನ್ಮದಲ್ಲಿ ಮೊದಲ್ನೇ ಸಲ ನಿನ್ನ ಬಾಯಲ್ಲಿ ತಪ್ಪು ಅನ್ನೋ ಮಾತು ಬಂತಲ್ಲ, ಆಗ ಹೆದರಿದೆ. ಸತ್ತೇ ಹೋಗ್ತೀನಿ ಅನ್ನಿಸ್ತು."

ನಾನು ಅವನ ಹೊದಿಕೆ ಸರಿಮಾಡಿದೆ.

"ಆ ಪಟ್ಟಿ ಬೇರೆಯವರಿಗೂ ಹಾಕಿರ್ತಾರಲ್ಲ?" ಎಂದ ಅವನು. "ಅವರಿಗೆ ಯಾರು ಬಂದು ಹೇಳ್ತಾರೆ?"

ಹೊರಗೆ ಬಂದಾಗ ಮೇಡಂ ಫೋನು. ಮೀಟರಣ್ಣ ಎಲ್ಲ ಹೇಳಿದ್ದನಂತೆ. ತಮ್ಮನ ಆರೋಗ್ಯ ವಿಚಾರಿಸಿದರು, ಒಳ್ಳೆಯ ಮನಸ್ಸಿನಿಂದಲೇ. ಆಮೇಲೆ ಹೇಳಿದರು: "ಕಾರ್ಖಾನೇಲಿರೋ ಡಬ್ಬಗಳನ್ನ ತಡೆದಿದೀನಿ. ವಕೀಲರ ಹತ್ರ ಮಾತಾಡಿ ಸೋಮವಾರ ಎಲ್ಲಾ ಕ್ಲಿನಿಕ್ಕಿಗೂ ಪತ್ರ ಕಳಿಸೋಣ. ಅಲ್ಲೀತನಕ ನೀವು ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ತೀರ್ಪು ಕೊಟ್ಟ ಕಾಗದದಲ್ಲೆಲ್ಲ ನಿಮ್ಮದೇ ಸಹಿ ಇದೆ, ನೆನಪಿರಲಿ."

ಅವತ್ತು ಗುರುವಾರ. ಸೋಮವಾರಕ್ಕೆ ನಾಲ್ಕು ದಿನ.

ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ನನ್ನ ಬಗ್ಗೆಯೇ ಹೆದರಿಕೆಯಾಯಿತು. ಕೆಲಸ ಹೋಗುವುದು ಖಂಡಿತ. ಪೊಲೀಸು, ಕೋರ್ಟು, ಪೇಪರಿನಲ್ಲಿ ಹೆಸರು, ಏನು ಬೇಕಾದರೂ ಆಗಬಹುದು. ಕಣ್ಣಕ್ಕ ಎಂದು ಕರೆಯುತ್ತಿದ್ದವರೇ ಅದನ್ನು ಇನ್ನೊಂದು ದನಿಯಲ್ಲಿ ಕರೆಯುತ್ತಾರೆ. ಎರಡು ಸಲ ಫೋನು ಕೈಗೆತ್ತಿಕೊಂಡು ಮತ್ತೆ ಬ್ಯಾಗಿಗೆ ಹಾಕಿದೆ. ಬೆಂಚಿನ ಆ ತುದಿಯಿಂದ ತಮ್ಮನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ತನ್ನ ಚೀಲದಿಂದ ಒಂದು ನೋಟ್‌ಬುಕ್ಕು, ಪೆನ್ನು ತೆಗೆದು ಬೆಂಚಿನ ಮೇಲೆ ನನ್ನ ಕಡೆ ತಳ್ಳಿದಳು.

ಮೀಟರಣ್ಣನಿಗೆ ಫೋನ್ ಮಾಡಿ, ಆ ಏಳು ತಿಂಗಳಲ್ಲಿ ಡಬ್ಬ ಹೋದ ಕ್ಲಿನಿಕ್ಕುಗಳ ಹೆಸರು, ನಂಬರು ಕೇಳಿದೆ. "ಮೇಡಂ ಬೇಡ ಅಂದಿದಾರೆ" ಅಂದ. ನಾನು ಸುಮ್ಮನಿದ್ದೆ. ಇಪ್ಪತ್ತು ವರ್ಷದಲ್ಲಿ ಅವನ ಮುಂದೆ ಸುಮ್ಮನಿದ್ದದ್ದು ಅದೇ ಮೊದಲು. "ಬರ್ಕೊಳಿ" ಅಂದ. ನಲವತ್ತೊಂದು ಕ್ಲಿನಿಕ್ಕು.

ಮೊದಲನೆಯದಕ್ಕೆ ಫೋನ್ ಮಾಡಿದೆ. ಒಬ್ಬಳು ನರ್ಸು ಎತ್ತಿದಳು. ನಾನು ಇಂಥ ಕಡೆಯವಳು, ಆ ಡಬ್ಬದ ಪಟ್ಟಿಗಳನ್ನು ಬಳಸಬೇಡಿ, ಪುಸ್ತಕದಲ್ಲಿ ಅಂಟಿಸಿದ ಹಳೆಯ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ, ಬೂದು ನೆರಳಿದ್ದರೆ ಹೇಳಿ ಎಂದೆ. ಅವಳು ಫೋನು ಪಕ್ಕಕ್ಕಿಟ್ಟಳು. ಹಾಳೆ ತಿರುಗಿಸುವ ಸದ್ದು ಕೇಳಿಸಿತು. ಒಂದು, ಎರಡು, ಮೂರು. ಸದ್ದು ನಿಂತಿತು.

"ಒಂದಿದೆ ಮೇಡಂ" ಅಂದಳು. "ನಿನ್ನೆದು. ಹೆಂಗಸು, ಐವತ್ತಾರು ವರ್ಷ. ಮೆಟ್ಟಿಲು ಹತ್ತಿದ್ರೆ ಎದೆ ಭಾರ ಅಂತ ಬಂದಿದ್ರು. ಒಂದೇ ಗೆರೆ ಅಂತ ಕಳಿಸ್ಬಿಟ್ವಿ. ನಾನೇ ಫೋನ್ ಮಾಡ್ಲಾ?"

ಐವತ್ತಾರು ನನ್ನದೇ ವಯಸ್ಸು. "ಬೇಡ. ನಾನೇ ಮಾಡ್ತೀನಿ. ನಂಬರ್ ಹೇಳಿ" ಎಂದೆ.

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಂಕಿಗಳು ಸೊಟ್ಟಸೊಟ್ಟಗೆ ಬಂದವು. ಒತ್ತಿದೆ. ಆರು ಸಲ ರಿಂಗಾಯಿತು. ಏಳನೆಯದಕ್ಕೆ ಯಾರೋ ಎತ್ತಿದರು. ಆಕೆಯಲ್ಲ, ಮಗಳ ದನಿ.

"ಅಮ್ಮನ ಫೋನು. ಯಾರು ನೀವು?"

"ಅಮ್ಮ ಇದಾರಾ?" ಎಂದೆ. ಕೇಳಿದ ಮೇಲೆ ಆ ಎರಡು ಮಾತಿಗೆ ನಾನೇ ನಡುಗಿದೆ.

"ಇದಾರೆ. ಮೇಲೆ ಬಟ್ಟೆ ಒಣಗಿ ಹಾಕ್ತಿದಾರೆ. ಕರೀಲಾ?"

"ಕರೀಬೇಡಮ್ಮ. ಅವರು ಮೆಟ್ಟಿಲು ಇಳಿಯೋದು ಬೇಡ" ಎಂದೆ. "ನೀನೇ ಮೇಲೆ ಹೋಗು. ಅವರನ್ನ ಕೂರ್ಸು. ಆಮೇಲೆ ನಾನು ಹೇಳೋದನ್ನ ಕೇಳು."

ಆ ಹುಡುಗಿ ಓಡಿದಳು. ಫೋನಿನಲ್ಲಿ ಅವಳ ಚಪ್ಪಲಿ ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿತ್ತು. ನಾನು ಒಂದೊಂದನ್ನೇ ಎಣಿಸುತ್ತಾ ಕಾದೆ.